ಜೊತೆಗೆ ಬಂದವರಿಗೆ ಒಂದು ಪ್ರಶ್ನೆ

ಆರು ವಾರದಿಂದ ಬಿಡದ ಜ್ವರ, ಅದೂ ಔಷಧಿ ಅಂಗಡಿಯವರ ಮನೆಯಲ್ಲಿ. ಅದಕ್ಕೆ ಎಷ್ಟು ಸೊಕ್ಕಿರಬೇಕು ನೀವೇ ಹೇಳಿ. ಎಂಥವರ ಮನೆ ಅದು? ಮೂವತ್ತೆಂಟು ವರ್ಷದಿಂದ ಅದೇ ಬೀದಿಯ ತಿರುವಿನಲ್ಲಿ, ಅದೇ ಕೌಂಟರಿನ ಹಿಂದೆ ನಿಂತು, ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಓದಿ ಓದಿ ಕಣ್ಣು ಸವೆಸಿಕೊಂಡವರ ಮನೆ. ಬೀದಿಯಲ್ಲಿ ಅವರನ್ನು ಹುಟ್ಟಿದ ಹೆಸರಿನಿಂದ ಕರೆಯುವವರು ಯಾರೂ ಉಳಿದಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವರು ಮಾತ್ರೆಯಣ್ಣ.

ಮಾತ್ರೆಯಣ್ಣನ ಬಾಯಿಗೆ ಹೆದರದ ಗಿರಾಕಿ ಇಲ್ಲ. ಐದು ದಿನದ ಮಾತ್ರೆ ಬರೆಸಿಕೊಂಡು ಬಂದು, "ಸದ್ಯಕ್ಕೆ ಎರಡು ದಿನದ್ದು ಕೊಡಿ ಸಾಕು" ಅಂದಿರೋ, ಮುಗಿಯಿತು. ಕತ್ತರಿಯನ್ನು ಕೌಂಟರಿನ ಮೇಲೆ ಟಪ್ ಅಂತ ಇಟ್ಟು, "ಅರ್ಧ ಮಾತ್ರೆ ನುಂಗಿದರೆ ಅರ್ಧ ರೋಗ ಹೋಗೋದಿಲ್ಲ ಕಣ್ರೀ, ಪೂರ್ತಿ ರೋಗ ಚುರುಕಾಗಿಬಿಡುತ್ತೆ" ಅಂತ ಶುರುಮಾಡಿದರೆ ಹಿಂದೆ ನಿಂತ ನಾಲ್ಕು ಜನವೂ ಪಾಠ ಕೇಳಿಯೇ ಹೋಗಬೇಕು. ಡಾಕ್ಟರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೇಳಿದವರನ್ನು ಅವರು ನೋಡುವ ನೋಟ ಇದೆಯಲ್ಲ, ಅದನ್ನು ಕಂಡವರು ಇನ್ನೊಮ್ಮೆ ಕೇಳಿದ್ದಿಲ್ಲ.

ಇನ್ನು ಅವರ ಹೆಂಡತಿ ಟೀಚರಮ್ಮ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ನಿವೃತ್ತರಾದದ್ದು ಅವರು, ಅವರ ಕೆಂಪು ಪೆನ್ನಲ್ಲ. ಬೆಳಗಿನ ಪತ್ರಿಕೆ, ಕರೆಂಟ್ ಬಿಲ್ಲು, ಬಿಸ್ಕತ್ತಿನ ಪೊಟ್ಟಣದ ಹಿಂದಿನ ಬರಹ, ಯಾವುದನ್ನು ಓದಿದರೂ ತಪ್ಪು ಕಂಡಲ್ಲಿ ಒಂದು ಕೆಂಪು ಗೆರೆ ಬೀಳಲೇಬೇಕು. ಗಂಡನಿಗೂ ಅದೇ ಕಾನೂನು. "ರೀ, ಡಾಕ್ಟರು ಬರೆಯದ ಮಾತ್ರೆ ನನ್ನ ಗಂಟಲಿಗೆ ಇಳಿಯಲ್ಲ. ನೀವೇ ಊರಿಗೆಲ್ಲ ಹೇಳೋದು ಅದನ್ನೇ ಅಲ್ವಾ?" ಅನ್ನುತ್ತಿದ್ದರು. ಮಾತ್ರೆಯಣ್ಣ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವರ ಬಾಯಿ ಮುಚ್ಚಿಸಬಲ್ಲ ವ್ಯಕ್ತಿ ಭೂಮಿಯ ಮೇಲೆ ಟೀಚರಮ್ಮ ಒಬ್ಬರೇ.

ಇಂಥ ಟೀಚರಮ್ಮನಿಗೆ ಜ್ವರ. ಸಂಜೆ ನಾಲ್ಕಕ್ಕೆ ಶಾಲೆಯ ಗಂಟೆ ಹೊಡೆದಷ್ಟು ಸರಿಯಾಗಿ ಬರುವುದು, ಬೆಳಗಿನ ಜಾವಕ್ಕೆ ದಿಂಬು ಒದ್ದೆಯಾಗುವಷ್ಟು ಬೆವರಿಸಿ ಹೋಗುವುದು. ಸೊಂಟ ನೋವು, ಕೀಲು ಕೀಲಿನಲ್ಲೂ ನೋವು. ಊಟ ಅಂದರೆ ಮುಖ ತಿರುಗಿಸುವುದು. ಮೈ ಇಳಿದು ಇಳಿದು, ಒಂದು ದಿನ ಬೆರಳಿನ ಉಂಗುರ ಅವರಿಗೇ ಗೊತ್ತಿಲ್ಲದೆ ಜಾರಿ ಬಚ್ಚಲ ಸೋಪಿನ ಡಬ್ಬಿಯಲ್ಲಿ ಬಿದ್ದಿತ್ತು. ಅದು ಸಿಕ್ಕಿದ್ದು ಮಾತ್ರೆಯಣ್ಣನಿಗೆ. ಅದನ್ನು ತೊಳೆದು ಒರೆಸಿ ಜೇಬಿಗೆ ಹಾಕಿಕೊಂಡರು, ಯಾರಿಗೂ ಹೇಳಲಿಲ್ಲ.

ಟೀಚರಮ್ಮನಿಗೆ ಒಬ್ಬ ತಮ್ಮ. ಮನೆ ಸಾಮಾನು ಸಾಗಿಸುವ ವ್ಯಾನಿನ ಡ್ರೈವರು. ಆಳು ಬಾಗಿಲ ತುಂಬ, ಮನಸ್ಸು ಹೂವು. ಅಕ್ಕ ಅಂದರೆ ಅವನಿಗೆ ಜೀವ. ಜ್ವರ ಬರುವುದಕ್ಕೂ ಎರಡು ತಿಂಗಳ ಹಿಂದೆ ಅಕ್ಕನಿಗೆ ಮಂಡಿನೋವು ಅಂತ ಕೇಳಿದವನೇ, ಊರಾಚೆಯ ತೋಟದ ಮನೆಯೊಂದರಿಂದ ದಿನ ಬಿಟ್ಟು ದಿನ ಮೇಕೆ ಹಾಲು ತರಲು ಶುರುಮಾಡಿದ. "ಅಕ್ಕಾ, ಕಾಯಿಸಬೇಡ. ಕಾಯಿಸಿದರೆ ಸತ್ವವೆಲ್ಲ ಆವಿಯಾಗಿ ಹೋಗುತ್ತೆ. ಹಾಗೇ ಗಟಗಟ ಕುಡಿದುಬಿಡು" ಅನ್ನುವನು. ತಾನು ಮಾತ್ರ ಮುಟ್ಟುತ್ತಿರಲಿಲ್ಲ. ಆ ವಾಸನೆ ಅವನಿಗೆ ಆಗಿಬರುತ್ತಿರಲಿಲ್ಲ. ಟೀಚರಮ್ಮನಿಗೂ ಅದೇನೂ ಇಷ್ಟವಿರಲಿಲ್ಲ, ತಮ್ಮ ಅಷ್ಟು ದೂರದಿಂದ ತರುತ್ತಾನಲ್ಲ ಅಂತ ಮೂಗು ಹಿಡಿದು ಕುಡಿಯುತ್ತಿದ್ದರು.

ದೊಡ್ಡಾಸ್ಪತ್ರೆಯ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಕನ್ನಡಕ ತಲೆಯ ಮೇಲೆ, ಕಣ್ಣು ಕಾಗದದ ಮೇಲೆ. ಆರನೆಯ ವಾರ ಗಂಡ ಹೆಂಡತಿ ಇಬ್ಬರೂ ಹೋದಾಗ ಟೀಚರಮ್ಮನ ಕಾಗದಗಳನ್ನು ಎರಡು ಸಲ ತಿರುವಿಹಾಕಿ ಹೇಳಿದರು.

"ಅಮ್ಮಾ, ರಕ್ತದ ಕಲ್ಚರ್ ಎರಡು ಸಲ ಮಾಡಿದ್ದೀವಿ. ಎರಡರಲ್ಲೂ ಏನೂ ಬೆಳೆದಿಲ್ಲ. ಇನ್ನು ಮೂಳೆ ಮಜ್ಜೆಯ ಕಲ್ಚರ್ ಮಾಡಿ ನೋಡೋಣ. ಮೂಳೆಯೊಳಗೆ ಮಜ್ಜೆ ಅಂತ ಇರುತ್ತೆ, ರಕ್ತ ಹುಟ್ಟೋ ಜಾಗ. ಕೆಲವು ರೋಗಾಣುಗಳು ರಕ್ತದಲ್ಲಿ ಕೈಗೆ ಸಿಗದೆ ಅಲ್ಲಿ ಹೋಗಿ ಬಚ್ಚಿಟ್ಟುಕೊಳ್ಳುತ್ತವೆ. ಸೊಂಟದ ಹಿಂದಿನ ಮೂಳೆಯಿಂದ ಒಂದು ಚಮಚದಷ್ಟು ತೆಗೆದು, ರೋಗಾಣು ತಿಂದು ಬೆಳೆಯೋ ಆಹಾರ ಇರೋ ಬಾಟಲಿಗೆ ಹಾಕಿ, ಮೈ ಬಿಸಿಯಷ್ಟೇ ಬಿಸಿಯಲ್ಲಿಟ್ಟು ಕಾಯ್ತೀವಿ. ಒಳಗೆ ಏನಾದರೂ ಇದ್ದರೆ ಬೆಳೆಯುತ್ತೆ. ಬೆಳೆದರೆ ಅದರ ಹೆಸರೂ ಗೊತ್ತಾಗುತ್ತೆ, ಯಾವ ಔಷಧಿಗೆ ಬಗ್ಗುತ್ತೆ ಅನ್ನೋದೂ ಗೊತ್ತಾಗುತ್ತೆ."

"ಎಷ್ಟು ದಿನ ಕಾಯಬೇಕು?" ಅಂದರು ಟೀಚರಮ್ಮ.

"ಕೆಲವು ಎರಡು ದಿನಕ್ಕೇ ಬೆಳೀತವೆ. ಕೆಲವು ಸೋಮಾರಿಗಳು, ವಾರಗಟ್ಟಲೆ ತಗೋತವೆ. ನಾವು ಸಾಮಾನ್ಯವಾಗಿ ಐದು ದಿನ ನೋಡಿ ಬಾಟಲಿ ಎಸೀತೀವಿ, ಏನಾದರೂ ಬಲವಾದ ಅನುಮಾನ ಇದ್ದರೆ ಮಾತ್ರ ಜಾಸ್ತಿ ದಿನ ಇಡ್ತೀವಿ."

"ಏನೂ ಬೆಳೆಯದೆ ಹೋದರೆ?"

"ಹೋದರೆ ಬೇರೆ ಕಡೆ ಹುಡುಕಬೇಕಾಗುತ್ತೆ," ಅಂದರು ಡಾಕ್ಟರು, ಮೆತ್ತಗೆ.

ಬೇರೆ ಕಡೆ ಅಂದರೆ ಎಲ್ಲಿ ಅಂತ ಮಾತ್ರೆಯಣ್ಣನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಅಂಗಡಿಯ ಮೇಲಿನ ಕಪಾಟಿನಲ್ಲಿ ಆ ಬೇರೆ ಕಡೆಯ, ಕ್ಯಾನ್ಸರಿನ, ಔಷಧಿಗಳೂ ಇದ್ದವು. ಅವನ್ನು ಕೊಳ್ಳಲು ಬರುವವರೊಂದಿಗೆ ಅವರು ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಇನ್ನೊಂದು ಮಾತು. ಇತ್ತೀಚೆಗೆ ಆಂಟಿಬಯಾಟಿಕ್ ಏನಾದರೂ ತಗೊಂಡಿದ್ದೀರಾ? ಅದು ಒಳಗಿದ್ದರೆ ರೋಗಾಣು ಸತ್ತಿರಲ್ಲ, ಆದರೆ ಬಾಟಲಿಯಲ್ಲಿ ಬೆಳೆಯೋದೂ ಇಲ್ಲ. ನಮ್ಮ ಕಣ್ಣಿಗೆ ಮಣ್ಣೆರಚುತ್ತೆ."

"ಒಂದೂ ಇಲ್ಲ," ಅಂದರು ಟೀಚರಮ್ಮ ಖಡಾಖಂಡಿತವಾಗಿ. "ಇವರು ಕೊಡೋ ಒಂದು ವಿಟಮಿನ್ ಕ್ಯಾಪ್ಸೂಲ್ ಬಿಟ್ಟರೆ. ಅದೊಂದು ನನಗೆ ಚೆನ್ನಾಗಿ ಒಗ್ಗಿದೆ ಡಾಕ್ಟ್ರೇ. ತಗೊಂಡರೆ ಜ್ವರ ಕೂಡ ಇಳಿಯುತ್ತೆ."

"ವಿಟಮಿನ್ ತಗೊಂಡರೆ ಜ್ವರ ಇಳಿಯುತ್ತಾ?" ಡಾಕ್ಟರು ಕನ್ನಡಕವನ್ನು ತಲೆಯಿಂದ ಮೂಗಿಗಿಳಿಸಿ ಮಾತ್ರೆಯಣ್ಣನ ಕಡೆ ನೋಡಿದರು. "ಮುಂದಿನ ಸಲ ಆ ಡಬ್ಬಿ ತಗೊಂಡು ಬನ್ನಿ, ನೋಡೋಣ."

ಮಾತ್ರೆಯಣ್ಣ ಗೋಡೆಯ ಮೇಲಿದ್ದ ಕೈ ತೊಳೆಯುವ ವಿಧಾನದ ಚಿತ್ರವನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಿದ್ದರು.

ಆ ಡಬ್ಬಿಯ ವಿಷಯ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ನನಗೇನಾಗಬೇಕು. ಸೋಪಿನ ಡಬ್ಬಿಯಲ್ಲಿ ಉಂಗುರ ಸಿಕ್ಕಿತಲ್ಲ, ಅವತ್ತು ಮಾತ್ರೆಯಣ್ಣ ಅಂಗಡಿಗೆ ಹೋಗಿ, ಕಪಾಟಿನಿಂದ ಒಂದು ಒಳ್ಳೆಯ ಆಂಟಿಬಯಾಟಿಕ್ ಪಟ್ಟಿ ತೆಗೆದು, ಕ್ಯಾಪ್ಸೂಲುಗಳನ್ನು ಒಂದೊಂದಾಗಿ ಬಿಡಿಸಿ ಖಾಲಿ ವಿಟಮಿನ್ ಡಬ್ಬಿಗೆ ತುಂಬಿದರು. ಮನೆಗೆ ತಂದು, "ಶಕ್ತಿಗೆ ಒಳ್ಳೇದು ಕಣೇ, ಬೆಳಿಗ್ಗೆ ಒಂದು ಸಂಜೆ ಒಂದು" ಅಂದರು. ಆಕೆ ನಂಬಿದರು. ಮದುವೆಯಾದಾಗಿನಿಂದ ನಂಬಿದವರು, ಒಂದು ವಿಟಮಿನ್ ವಿಷಯಕ್ಕೆ ಅನುಮಾನ ಪಡುತ್ತಾರೆಯೇ? ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಆಕೆಗೆ ಎದೆಯುರಿ ಬಂತು. ಜ್ವರವೇ ಇಲ್ಲವಲ್ಲ, ಪಾಪ ಯಾಕೆ ಸಂಕಟ ಅಂತ ಮಾತ್ರೆಯಣ್ಣ ನಿಲ್ಲಿಸಿದರು. ವಾರಕ್ಕೆ ಜ್ವರ ಮತ್ತೆ ಹಾಜರ್. ಮತ್ತೆ ನಾಲ್ಕು ದಿನ ಕೊಟ್ಟರು, ಮತ್ತೆ ನಿಲ್ಲಿಸಿದರು. ಹೀಗೆ ಮೂರು ಸುತ್ತು. ಗಿರಾಕಿ ಯಾರಾದರೂ ಹೀಗೆ ಮಾಡಿದ್ದರೆ ಕತ್ತರಿ ಕೌಂಟರಿನ ಮೇಲೆ ಎಷ್ಟು ಸಲ ಬಡಿಯುತ್ತಿತ್ತೋ ಏನೋ.

ಪರೀಕ್ಷೆಯ ದಿನ ಬಂತು. ಡಬ್ಬಿ ತರುವುದನ್ನು ಮಾತ್ರೆಯಣ್ಣ ಮರೆತಿದ್ದರು. ಮರೆತಿದ್ದರು ಅಂತ ಅವರೇ ಹೇಳಿದ್ದು.

ಉದ್ದನೆಯ ಮೊಗಸಾಲೆ, ಗೋಡೆಗೆ ತಾಗಿ ಕಬ್ಬಿಣದ ಕುರ್ಚಿಗಳು. ನರ್ಸು ಕೊಟ್ಟ ಫಾರಂ ಅನ್ನು ಟೀಚರಮ್ಮ ಕೈಚೀಲದ ಮೇಲಿಟ್ಟುಕೊಂಡು ತಾವೇ ತುಂಬಿಸಿದರು. ಪ್ರಶ್ನೆಯನ್ನು ಗಟ್ಟಿಯಾಗಿ ಓದುವುದು, ಉತ್ತರ ಬರೆಯುವುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರಾ? ಇಲ್ಲ. ಮರಗಟ್ಟಿಸುವ ಇಂಜೆಕ್ಷನ್ ಅಲರ್ಜಿ ಇದೆಯೇ? ಇಲ್ಲ. ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆಯೇ? ಹೌದು. ಕಳೆದ ಎರಡು ವಾರಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದೀರಾ? ಇಲ್ಲ. ಆ 'ಇಲ್ಲ'ದ ಕೆಳಗೆ ಎರಡು ಗೆರೆ ಎಳೆದರು. ಕೊನೆಗೆ ಸಹಿ, ದಿನಾಂಕ ಹಾಕಿ ನರ್ಸಿಗೆ ಕೊಟ್ಟರು.

"ಭಾವ, ಸೂಜಿ ಚುಚ್ಚೋದು ಅಕ್ಕನಿಗೆ. ಬೆವರ್ತಾ ಇರೋದು ನೀವು," ಅಂದ ತಮ್ಮ.

"ಅವರನ್ನು ಕೆಣಕಬೇಡ ಕಣೋ," ಅಂದರು ಟೀಚರಮ್ಮ. "ಇವರಿಗೆ ಮಾತ್ರೆ ಕೊಟ್ಟು ಗೊತ್ತು, ಕೂತು ನೋಡಿ ಗೊತ್ತಿಲ್ಲ. ವಾರದಿಂದ ನಿದ್ದೆಯಿಲ್ಲ ಪಾಪ." ಅಂದು ಗಂಡನ ಕೈಯನ್ನು ಮೆಲ್ಲಗೆ ತಟ್ಟಿದರು. ತಟ್ಟಿದ ಕೈ ಬೆಚ್ಚಗಿತ್ತು. ಉಂಗುರವಿರಲಿಲ್ಲ.

ಅಷ್ಟರಲ್ಲಿ ಕಲ್ಚರ್ ಕೋಣೆಯವರು ಒಂದು ತಟ್ಟೆಯಲ್ಲಿ ಎರಡು ಬಾಟಲಿ ಹಿಡಿದು ಹಾದುಹೋದರು. ಬಾಟಲಿಯ ಮೇಲೆ ಚೀಟಿ ಅಂಟಿಸಿ ಆಗಲೇ ಟೀಚರಮ್ಮನ ಹೆಸರು ಬರೆದಿತ್ತು, ವಯಸ್ಸು ಬರೆದಿತ್ತು. ಮಾತ್ರೆಯಣ್ಣ ಆ ಚೀಟಿ ಓದಿದರು, ಮುಂದಿನದನ್ನೂ ಓದಿಕೊಂಡರು. ಮೂಳೆಗೆ ಸೂಜಿ ಇಳಿಸಿ ತೆಗೆದದ್ದನ್ನು ಈ ಬಾಟಲಿಗೆ ಹಾಕುತ್ತಾರೆ. ಐದು ದಿನ ಕಾಯುತ್ತಾರೆ. ಏನೂ ಬೆಳೆಯುವುದಿಲ್ಲ. ಬೆಳೆಯದ ಹಾಗೆ ನಾನೇ ಮಾಡಿಟ್ಟಿದ್ದೇನೆ. ಆಮೇಲೆ ಇವಳನ್ನು 'ಬೇರೆ ಕಡೆ' ಕರೆದುಕೊಂಡು ಹೋಗುತ್ತಾರೆ, ಇಲ್ಲದ ರೋಗ ಹುಡುಕಿಕೊಂಡು. ಇರುವ ರೋಗ ಒಳಗೇ ಕೂತು ಇವಳನ್ನು ತಿನ್ನುತ್ತದೆ.

"ಇಲ್ಲಿ ಕೇಳೇ," ಅಂದರು. "ಆ ಡಬ್ಬಿಯಲ್ಲಿರೋದು ವಿಟಮಿನ್ ಅಲ್ಲ."

ಟೀಚರಮ್ಮ ತಿರುಗಿ ನೋಡಿದರು.

"ಆಂಟಿಬಯಾಟಿಕ್. ಮೂರು ಸಲ ಕೊಟ್ಟೆ, ನಾಲ್ಕು ನಾಲ್ಕು ದಿನ. ಕೊನೆಯದು ಮೊನ್ನೆ ಬೆಳಿಗ್ಗೆ."

ಆಕೆ ಅಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಅಂತ ಮಾತ್ರೆಯಣ್ಣ ಇವತ್ತಿಗೂ ಹೇಳುತ್ತಾರೆ. ಎದ್ದು, ಕಾಲೆಳೆದುಕೊಂಡು ನರ್ಸಿನ ಮೇಜಿಗೆ ಹೋಗಿ, "ಆ ಫಾರಂ ಒಂದು ನಿಮಿಷ ಕೊಡಮ್ಮ" ಅಂದರು. ಚೀಲದಿಂದ ಕೆಂಪು ಪೆನ್ನು ತೆಗೆದರು. ಎರಡು ಗೆರೆ ಎಳೆದಿದ್ದ 'ಇಲ್ಲ'ವನ್ನು ಅಡ್ಡಗೀಟು ಹಾಕಿ ಹೊಡೆದರು. ಮೇಲೆ 'ಹೌದು' ಅಂತ ಬರೆದು ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದರು.

"ಔಷಧಿ ಹೆಸರು?" ಅಂದರು, ಗಂಡನ ಮುಖ ನೋಡದೆ.

ಮಾತ್ರೆಯಣ್ಣ ಹೇಳಿದರು.

"ಎಷ್ಟು ಶಕ್ತಿಯದ್ದು? ಶುರುಮಾಡಿದ ದಿನ? ನಿಲ್ಲಿಸಿದ ದಿನ?"

ಒಂದೊಂದಕ್ಕೂ ಉತ್ತರ ಹೇಳುತ್ತ ಆ ಮನುಷ್ಯ ಕುಗ್ಗಿ ಕುಗ್ಗಿ ಹಿಡಿಯಷ್ಟಾದರು. ಎಲ್ಲ ಬರೆದು ಮುಗಿಸಿ ಟೀಚರಮ್ಮ ಫಾರಮಿನ ಅಡಿಯಲ್ಲಿ, ಖಾಲಿ ಜಾಗದಲ್ಲಿ, ಇನ್ನೊಂದು ಸಾಲು ಕೆಂಪಿನಲ್ಲಿ ಗೀಚಿದರು. ಅದೇನು ಅಂತ ಆಮೇಲೆ ಹೇಳುತ್ತೇನೆ.

ಡಾಕ್ಟರು ಫಾರಂ ಓದಿದರು. ಓದಿ ಮೊಗಸಾಲೆಗೆ ತಾವೇ ಬಂದರು. ಬೈಯುತ್ತಾರೆ ಅಂತ ಮಾತ್ರೆಯಣ್ಣ ತಲೆ ಬಗ್ಗಿಸಿ ನಿಂತರೆ, ಆಕೆ ಬೈಯಲಿಲ್ಲ.

"ಸೂಜಿಗೆ ಮೊದಲು ಹೇಳಿದಿರಲ್ಲ, ಅಷ್ಟು ಸಾಕು. ಎಷ್ಟೋ ಜನ ಆಮೇಲೂ ಹೇಳಲ್ಲ," ಅಂದರು. "ಈಗ ಎಲ್ಲವನ್ನೂ ಹೇಳಿಬಿಡಿ. ಮಾತ್ರೆ ಬಿಟ್ಟು ಇನ್ನೇನು ಕೊಟ್ಟಿದ್ದೀರಿ? ಕಷಾಯ, ಪುಡಿ, ಎಣ್ಣೆ, ಏನಾದರೂ ಸರಿ."

"ಇನ್ನೇನೂ ಇಲ್ಲ ಮೇಡಂ."

"ಅಯ್ಯೋ ಭಾವ, ನಾನು ಕೊಡ್ತಿದ್ದೀನಲ್ಲ," ಅಂದ ತಮ್ಮ, ಭಾವನ ತಪ್ಪನ್ನು ಸ್ವಲ್ಪ ಮರೆಮಾಡೋಣ ಅನ್ನುವ ಒಳ್ಳೆ ಬುದ್ಧಿಯಿಂದ. "ಮೇಕೆ ಹಾಲು ಮೇಡಂ. ತೋಟದ್ದು. ಕಾಯಿಸದೆ, ಹಸಿಯಾಗೇ. ಮೂರು ತಿಂಗಳ ಮೇಲಾಯ್ತು. ಅದರಿಂದಲೇ ಅಕ್ಕ ಇಷ್ಟಾದರೂ ಎದ್ದು ಓಡಾಡ್ತಿರೋದು."

ಡಾಕ್ಟರು ಕನ್ನಡಕ ಮೂಗಿಗಿಳಿಸಿದರು. ಆ ಮೇಕೆಗಳು ಹೇಗಿವೆ, ಗಬ್ಬದ ಮೇಕೆ ದಿನ ತುಂಬದೆ ಕಂದು ಹಾಕಿದ್ದುಂಟೇ, ಇತ್ತೀಚೆಗೆ ಯಾವುದಾದರೂ ಸತ್ತವೇ ಅಂತ ಒಂದರ ಹಿಂದೊಂದು ಕೇಳಿದರು. "ಎರಡು ಮೇಕೆ ಕಂದು ಹಾಕಿದವಂತೆ, ತೋಟದವರು ಹೇಳ್ತಿದ್ದರು," ಅಂದ ತಮ್ಮ. ಅಂದವನ ದೊಡ್ಡ ಮುಖ ನಿಧಾನಕ್ಕೆ ಬಾಡಿತು.

"ಮೇಕೆ ಹಾಲಿನಿಂದ ಬರೋ ಒಂದು ಜ್ವರ ಇದೆ. ಏರೋದು ಇಳಿಯೋದು, ಬೆವರು, ಕೀಲುನೋವು, ಎಲ್ಲ ಹೀಗೇ," ಅಂದರು ಡಾಕ್ಟರು. "ಅದು ಮಜ್ಜೆಯೊಳಗೆ ಮನೆ ಮಾಡಿಕೊಳ್ಳೋ ಜಾತಿ. ಬಾಟಲಿಯಲ್ಲೂ ನಿಧಾನ. ಗೊತ್ತಿಲ್ಲದೆ ಅದನ್ನು ಮುಟ್ಟಿದರೆ ಕಲ್ಚರ್ ಕೋಣೆಯವರಿಗೂ ಅಂಟುತ್ತೆ, ಅವರಿಗೆ ಮೊದಲೇ ಹೇಳಬೇಕು. ರಕ್ತದಲ್ಲೂ ಒಂದು ಪರೀಕ್ಷೆಗೆ ಕಳಿಸ್ತೀನಿ. ಆದರೆ ಅದು ಅನುಮಾನ ಹೇಳುತ್ತೆ, ಕಲ್ಚರ್ ಖಾತ್ರಿ ಹೇಳುತ್ತೆ. ಇವತ್ತು ಸೂಜಿ ಬೇಡ. ಅಮ್ಮ ಇನ್ನೂ ಗಟ್ಟಿಯಾಗಿದ್ದಾರೆ, ಎರಡು ವಾರ ಕಾಯೋಣ. ಆ ಹಾಲು ಇವತ್ತಿಗೆ ಬಂದ್. ಆ ಕ್ಯಾಪ್ಸೂಲೂ ಬಂದ್. ಜ್ವರ ತೀರಾ ಏರಿದರೆ ಮಾಮೂಲಿ ಜ್ವರದ ಮಾತ್ರೆ ಒಂದು, ಅಷ್ಟೇ. ಕೈ ಮೀರ್ತಾ ಇದೆ ಅನ್ನಿಸಿದರೆ ತಕ್ಷಣ ಬನ್ನಿ." ಆಮೇಲೆ ಮಾತ್ರೆಯಣ್ಣನ ಕಡೆ ತಿರುಗಿ, "ಆಗುತ್ತಾ ನಿಮ್ಮ ಕೈಲಿ?" ಅಂದರು.

ಆಗುತ್ತೆ ಅಂತ ತಲೆಯಾಡಿಸಿದರು. ಆಗುವುದು ಎಷ್ಟು ಕಷ್ಟ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು.

ಟೀಚರಮ್ಮ ಮಾತು ಬಿಡಲಿಲ್ಲ. ಮಾತು ಬಿಟ್ಟಿದ್ದರೆ ಹೇಗೋ ಸಹಿಸಬಹುದಿತ್ತು. ಅವರು ಗಂಡನನ್ನು 'ರೀ' ಅನ್ನುವುದು ಬಿಟ್ಟರು. "ಮಾತ್ರೆಯಣ್ಣ, ಸ್ವಲ್ಪ ನೀರು ಕೊಡಿ." "ಮಾತ್ರೆಯಣ್ಣ, ಕಿಟಕಿ ಹಾಕಿ." ಬೀದಿಯವರು ಕರೆದ ಹಾಗೆ, ಅಂಗಡಿಗೆ ಬಂದ ಗಿರಾಕಿ ಕರೆದ ಹಾಗೆ. ಪ್ರತಿ ಸಲವೂ ಆ ಮನುಷ್ಯನಿಗೆ ಎದೆಯೊಳಗೆ ಚುರ್ ಅನ್ನುವುದು. ಹತ್ತಾರು ಸಾವಿರ ಸಲ ಕೇಳಿದ ಹೆಸರು ಮನೆಯೊಳಗೆ ಕೇಳಿದಾಗ ಇಷ್ಟು ನೋಯಿಸುತ್ತದೆ ಅಂತ ಅವರಿಗೇನು ಗೊತ್ತು.

ತಮ್ಮನ ಗತಿಯೂ ಅಷ್ಟೇ. ದಿನವೂ ಬಂದು ಬಾಗಿಲ ಹೊರಗೇ ನಿಂತು, "ಅಕ್ಕಾ, ಏನಾದರೂ ತರಲಾ?" ಅನ್ನುವನು. "ಏನೂ ತರಬೇಡ ಕಣೋ ಮಹಾರಾಯ, ಬರಿಗೈಲಿ ಬಂದು ಕೂತ್ಕೋ," ಅನ್ನುವರು ಅಕ್ಕ. ಬಂದು ಕೂತು, ಕೈ ಎಲ್ಲಿಡಬೇಕು ಅಂತ ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಳ್ಳುವನು.

ಸಂಜೆ ನಾಲ್ಕಾದರೆ ಜ್ವರ. ಮಾತ್ರೆಯಣ್ಣ ಅಂಗಡಿಗೆ ಮೂರೂವರೆಗೇ ಬಾಗಿಲೆಳೆದು ಬಂದು ಬೋಗುಣಿಯಲ್ಲಿ ನೀರು, ಮೆತ್ತನೆಯ ಬಟ್ಟೆ ಇಟ್ಟುಕೊಂಡು ಕೂರುವರು. ಹಣೆಗೆ ಬಟ್ಟೆ ಹಾಕುವುದು, ತೆಗೆಯುವುದು, ಹಿಂಡುವುದು, ಹಾಕುವುದು. ಮೂರು ಮಾರು ದೂರದ ಕಪಾಟಿನಲ್ಲಿ ಆ ವಿಟಮಿನ್ ಡಬ್ಬಿ. ಎರಡು ಕ್ಯಾಪ್ಸೂಲ್ ಕೊಟ್ಟರೆ ನಾಳೆ ಇಳಿಯುತ್ತದೆ ಅಂತ ಕೈ ತುರಿಸುವುದು. ಮೂರನೆಯ ದಿನ ತಡೆಯಲಾಗದೆ ಎದ್ದು, ಡಬ್ಬಿಯನ್ನು ತೆಗೆದುಕೊಂಡು ಹೋಗಿ ಅಂಗಡಿಯ ಮೇಲಿನ ಕಪಾಟಿನಲ್ಲಿ ಬೀಗ ಹಾಕಿ, ಬೀಗದ ಕೈಯನ್ನು ಬಾಮೈದನ ಜೇಬಿಗೆ ತುರುಕಿದರು. "ನಾನು ಕಾಲಿಗೆ ಬಿದ್ದು ಕೇಳಿದರೂ ಕೊಡಬೇಡ," ಅಂದರು.

ಒಂಬತ್ತನೆಯ ಸಂಜೆ ಜ್ವರ ಜೋರಾಗಿ ಬಂತು. ಹಲ್ಲು ಕಟಕಟ ಅನ್ನುವಷ್ಟು ನಡುಕ. ಎರಡು ಹೊದಿಕೆ ಹೊದಿಸಿ, ಡಾಕ್ಟರು ಹೇಳಿದ್ದ ಒಂದು ಮಾತ್ರೆ ಕೊಟ್ಟು, ಪಾದ ಉಜ್ಜುತ್ತ ಕೂತರು. ಅರ್ಧ ಗಂಟೆಗೆ ನಡುಕ ನಿಂತಿತು.

"ಆ ಕ್ಯಾಪ್ಸೂಲು ಯಾಕೆ ಕೊಟ್ರಿ?" ಅಂದರು ಟೀಚರಮ್ಮ, ಕಣ್ಣು ಮುಚ್ಚಿಕೊಂಡೇ. "ಊರಿಗೆಲ್ಲ ಬುದ್ಧಿ ಹೇಳೋರು ನೀವು."

ಮಾತ್ರೆಯಣ್ಣ ಜೇಬಿಗೆ ಕೈ ಹಾಕಿ ಉಂಗುರ ತೆಗೆದು ಆಕೆಯ ಅಂಗೈಯಲ್ಲಿಟ್ಟರು. "ಸೋಪಿನ ಡಬ್ಬಿಯಲ್ಲಿತ್ತು. ನಿನಗೆ ಗೊತ್ತೇ ಆಗಿರಲಿಲ್ಲ. ಅದನ್ನು ನೋಡಿ ನನಗೆ ಬುದ್ಧಿ ನಿಂತುಹೋಯಿತು ಕಣೇ. ನೀನು ಹೀಗೇ ಕರಗಿ ಕರಗಿ ಹೋಗಿಬಿಟ್ಟರೆ ನಾನೇನು ಮಾಡಲಿ ಅಂತ ಹೆದರಿದೆ. ನನಗೆ ಗೊತ್ತಿರೋದು ಅದೊಂದೇ ಕೆಲಸ, ಮಾತ್ರೆ ಕೊಡೋದು. ಕೊಟ್ಟೆ."

ಆಕೆ ಉಂಗುರವನ್ನು ಬೆರಳಿಗೆ ಹಾಕಿ ನೋಡಿದರು. ಸಡಿಲವಾಗಿ ತಿರುಗಿತು. ತೆಗೆದು ಹೆಬ್ಬೆರಳಿಗೆ ಹಾಕಿಕೊಂಡರು.

"ಕೊಟ್ಟಿದ್ದಕ್ಕೆ ನನಗೆ ಅಷ್ಟು ಸಿಟ್ಟಿಲ್ಲ. ಡಾಕ್ಟರ ಮುಂದೆ ನಾನು ಆ ವಿಟಮಿನ್ ಹೊಗಳ್ತಾ ಇದ್ದೆ. ನೀವು ಗೋಡೆ ನೋಡ್ತಾ ಕೂತಿದ್ರಿ. ನನ್ನನ್ನು ಒಬ್ಬಳೇ ಬಿಟ್ಟುಬಿಟ್ರಿ ಅನ್ನಿಸಿತು." ಹೊದಿಕೆಯಿಂದ ಇನ್ನೊಂದು ಪಾದ ಹೊರಗಿಟ್ಟರು. "ಎಡಗಾಲು ಉಜ್ಜಿದ್ದು ಸಾಕು ರೀ. ಬಲಗಾಲೂ ನನ್ನದೇ."

ಮಾತ್ರೆಯಣ್ಣ ಬಲಗಾಲು ಉಜ್ಜಿದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಎರಡು ವಾರ ಕಳೆದ ಮೇಲೆ ಸೂಜಿ. ಟೀಚರಮ್ಮ ಮಂಡಿ ಮಡಚಿಕೊಂಡು ಒಂದು ಮಗ್ಗುಲಿಗೆ ಮಲಗಿದರು. ಸೊಂಟದ ಹಿಂದೆ ತಣ್ಣನೆಯ ಔಷಧಿಯಲ್ಲಿ ಒರೆಸುವುದೇ ಒರೆಸುವುದು. "ಚರ್ಮದ ಮೇಲಿನ ಕ್ರಿಮಿ ಬಾಟಲಿಗೆ ಹೋದರೆ ಅದೇ ಬೆಳೆದು ನಮ್ಮನ್ನು ಮೋಸ ಮಾಡುತ್ತೆ, ಅದಕ್ಕೇ ಇಷ್ಟು ಉಪಚಾರ," ಅಂದರು ಡಾಕ್ಟರು. "ಮೊದಲು ಮರಗಟ್ಟಿಸೋ ಇಂಜೆಕ್ಷನ್, ಚುರುಗುಟ್ಟುತ್ತೆ. ಆಮೇಲೆ ಯಾರೋ ಹೆಬ್ಬೆರಳಿಂದ ಬಲವಾಗಿ ಒತ್ತಿದ ಹಾಗೆ. ಕೊನೆಗೆ ಮಜ್ಜೆ ಎಳೆಯುವಾಗ ಮಾತ್ರ ಒಂದು ಕ್ಷಣ ಕಾಲಿನವರೆಗೂ ಸೆಳೆದ ಹಾಗೆ ನೋಯುತ್ತೆ. ಅದನ್ನು ಮರಗಟ್ಟಿಸೋಕೆ ಆಗಲ್ಲ. ಹತ್ತು ಎಣಿಸೋದರೊಳಗೆ ಮುಗಿಯುತ್ತೆ."

ಮಾತ್ರೆಯಣ್ಣನನ್ನು ತಲೆಯ ಕಡೆ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಹೆಂಡತಿಯ ಕೈ ಅವರ ಕೈಯಲ್ಲಿತ್ತು.

"ರೀ, ಹದಿನೇಳರ ಮಗ್ಗಿ ಹೇಳಿ," ಅಂದರು ಟೀಚರಮ್ಮ.

"ಈಗಲಾ?"

"ಈಗಲೇ. ಗಟ್ಟಿಯಾಗಿ."

"ಹದಿನೇಳೊಂದ್ಲೆ ಹದಿನೇಳು. ಹದಿನೇಳೆರಡ್ಲೆ ಮೂವತ್ನಾಲ್ಕು. ಹದಿನೇಳ್ಮೂರ್ಲೆ ಐವತ್ತೊಂದು." ಒತ್ತುವುದು ಶುರುವಾಗಿತ್ತು. ಆಕೆಯ ಹುಬ್ಬು ಗಂಟಿಕ್ಕಿತು. "ಹದಿನೇಳ್ನಾಲ್ಕ್ಲೆ ಅರವತ್ತೆಂಟು. ಹದಿನೇಳೈದ್ಲೆ ಎಂಬತ್ತೈದು."

"ಈಗ ಎಳೀತೀನಿ ಅಮ್ಮ," ಅಂದರು ಡಾಕ್ಟರು.

ಆಕೆಯ ಬೆರಳುಗಳು ಮಾತ್ರೆಯಣ್ಣನ ಕೈಯನ್ನು ಹಿಂಡಿದವು. ಹೆಬ್ಬೆರಳಿನ ಉಂಗುರ ಮೂಳೆಗೆ ಒತ್ತಿತು. "ಹದಿನೇಳಾರ್ಲೆ," ಅಂದರು ಮಾತ್ರೆಯಣ್ಣ, ಅಲ್ಲಿಗೆ ಮಗ್ಗಿ ಮರೆತುಹೋಯಿತು. "ಹದಿನೇಳಾರ್ಲೆ ತೊಂಬತ್ತೊಂಬತ್ತು."

"ನೂರಾ ಎರಡು," ಅಂದರು ಟೀಚರಮ್ಮ, ಹಲ್ಲು ಕಚ್ಚಿಕೊಂಡೇ.

"ಆಯ್ತು, ಮುಗೀತು," ಅಂದರು ಡಾಕ್ಟರು, ನಗು ತಡೆದುಕೊಳ್ಳುತ್ತ.

ಅರ್ಧ ಗಂಟೆ ಆ ಜಾಗಕ್ಕೆ ಒತ್ತು ಬೀಳುವಂತೆ ಅಂಗಾತ ಮಲಗಬೇಕು, ಪಟ್ಟಿಗೆ ಒಂದು ದಿನ ನೀರು ತಾಗಿಸಬಾರದು, ರಕ್ತ ಜಿನುಗಿದರೆ ಒತ್ತಿ ಹಿಡಿದು ಬರಬೇಕು. ಅಷ್ಟೇ. ಸಂಜೆ ಹೊತ್ತಿಗೆ ಅವರು ವ್ಯಾನಿನ ಮುಂದಿನ ಸೀಟಿನಲ್ಲಿ ದಿಂಬು ಇಟ್ಟುಕೊಂಡು ಮನೆಗೆ ಬಂದರು. ತಮ್ಮ ಹಳ್ಳ ಕಂಡ ಕಡೆಯೆಲ್ಲ ಇಳಿದು ನೋಡಿ ನೋಡಿ ಓಡಿಸಿದ.

ಆಮೇಲೆ ಕಾಯುವುದು. ರಕ್ತದ ಪರೀಕ್ಷೆ 'ಇರಬಹುದು' ಅಂದಿತ್ತು, ಅದರ ಮೇಲೆ ಏನೂ ಹೇಳಲಿಲ್ಲ. ಎರಡನೆಯ ದಿನ ಫೋನಿಲ್ಲ. ಐದನೆಯ ದಿನ ಫೋನಿಲ್ಲ. ಏಳನೆಯ ದಿನ ಮಾತ್ರೆಯಣ್ಣ ತಾವೇ ಫೋನು ಮಾಡಿದರೆ, "ಬಾಟಲಿ ತಿಳಿಯಾಗೇ ಇದೆ, ಇನ್ನೂ ಇಟ್ಟಿದ್ದೀವಿ" ಅಂದರು ಕಲ್ಚರ್ ಕೋಣೆಯವರು. ಆ ದಿನ ಮಾತ್ರೆಯಣ್ಣ ಯಾರಿಗೋ ಕೆಮ್ಮಿನ ಔಷಧಿಯ ಬದಲು ಕಣ್ಣಿನ ಹನಿ ಕೊಡುವುದರಲ್ಲಿದ್ದರು, ಗಿರಾಕಿಯೇ ತಡೆದ.

ಹನ್ನೊಂದನೆಯ ದಿನ ಬೆಳಿಗ್ಗೆ ಡಾಕ್ಟರೇ ಫೋನು ಮಾಡಿದರು. ಬಾಟಲಿ ಮಂಜಾಗಿದೆ, ಬೆಳೆದಿದೆ, ಅದೇ ಮೇಕೆ ಹಾಲಿನ ಜ್ವರ. ಬೇರೆ ಏನೂ ಇಲ್ಲ. ವಾಸಿಯಾಗುವ ಕಾಯಿಲೆ.

ಮೂವರೂ ಆಸ್ಪತ್ರೆಗೆ ಹೋದಾಗ ಕಲ್ಚರ್ ಕೋಣೆಯವರು ಬಾಗಿಲಿಗೆ ಬಂದು ಮಾತ್ರೆಯಣ್ಣನನ್ನು ನೋಡಿದರು. "ನೀವು ಬಾಯಿ ಬಿಡದೆ ಹೋಗಿದ್ದರೆ ಐದನೆಯ ದಿನ ಈ ಬಾಟಲಿ ಬುಟ್ಟಿಗೆ ಹೋಗ್ತಿತ್ತು ಸ್ವಾಮಿ. ಅಥವಾ ಬೆಳೆದದ್ದನ್ನು ನಾನು ಬರಿಗೈಲಿ ತೆಗೆದು ಮೂಸಿ ನೋಡಿ, ಅಮ್ಮನ ಪಕ್ಕದ ಮಂಚದಲ್ಲಿ ಮಲಗ್ತಿದ್ದೆ," ಅಂದರು.

ಡಾಕ್ಟರು ಚೀಟಿ ಬರೆದು ಕೊಟ್ಟರು. ಎರಡು ಔಷಧಿ, ಜೊತೆ ಜೊತೆಯಾಗಿ, ಆರು ವಾರ, ಒಂದು ಹೊತ್ತೂ ತಪ್ಪದೆ. ಮಾತ್ರೆಯಣ್ಣ ಅಭ್ಯಾಸದಂತೆ ಕಣ್ಣು ಕಿರಿದು ಮಾಡಿ ಓದಿದರು. ಓದಿ ಮತ್ತೊಮ್ಮೆ ಓದಿದರು. ಮೊದಲನೆಯ ಹೆಸರು ವಿಟಮಿನ್ ಡಬ್ಬಿಯಲ್ಲಿದ್ದ ಕ್ಯಾಪ್ಸೂಲಿನದ್ದೇ.

"ಹೌದು, ಅದೇ," ಅಂದರು ಡಾಕ್ಟರು. "ನೀವು ಅದನ್ನು ಒಂಟಿಯಾಗಿ, ನಾಲ್ಕು ನಾಲ್ಕು ದಿನ ಕೊಟ್ಟಿರಿ. ಆ ರೋಗಕ್ಕೆ ಅದು ಕಚಗುಳಿ ಇಟ್ಟ ಹಾಗೆ ಅಷ್ಟೇ."

ಟೀಚರಮ್ಮ ಚೀಟಿಯನ್ನು ಗಂಡನ ಕೈಯಿಂದ ತೆಗೆದುಕೊಂಡು ನೋಡಿದರು. "ಉತ್ತರ ಸರಿಯಿತ್ತು. ಮಾಡಿದ ವಿಧಾನ ಪೂರ್ತಿ ತಪ್ಪು," ಅಂದರು. "ಹತ್ತಕ್ಕೆ ಎರಡು ಕೊಡಬಹುದು."

"ಎರಡು ಸಿಕ್ಕಿದ್ದೇ ಪುಣ್ಯ," ಅಂದ ತಮ್ಮ. "ನನಗೆಷ್ಟು ಅಕ್ಕಾ?"

"ನೀನು ಸೊನ್ನೆ. ಕೂತ್ಕೋ."

ಆರು ವಾರ ಮಾತ್ರೆಯಣ್ಣ ಪ್ರತಿ ಹೊತ್ತೂ ಕ್ಯಾಪ್ಸೂಲನ್ನು ಪಟ್ಟಿಯ ಸಮೇತ ಅಂಗೈಯಲ್ಲಿ ಹಿಡಿದು, ಹೆಸರು ಗಟ್ಟಿಯಾಗಿ ಓದಿ ಕೊಡಬೇಕಾಗಿತ್ತು. ಟೀಚರಮ್ಮ ಹೆಸರು ಹೊಂದಿಸಿ ನೋಡಿ, ನುಂಗಿ, ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪಿನಲ್ಲಿ ಸರಿ ಗುರುತು ಹಾಕುತ್ತಿದ್ದರು. ಎದೆಯುರಿ ಬಂದ ದಿನವೂ ನಿಲ್ಲಿಸಲಿಲ್ಲ. ಎರಡನೆಯ ವಾರಕ್ಕೆ ಸಂಜೆ ನಾಲ್ಕು ಬಂದು ಸುಮ್ಮನೆ ಹೋಯಿತು. ಐದನೆಯ ವಾರಕ್ಕೆ ಉಂಗುರ ಹೆಬ್ಬೆರಳಿನಿಂದ ಇಳಿದು ತನ್ನ ಬೆರಳಿಗೆ ಸೇರಿತು.

ಔಷಧಿ ಮುಗಿದ ಮೇಲೆ ತೋರಿಸಲು ಹೋದಾಗ ಅದೇ ಮೊಗಸಾಲೆ, ಅದೇ ಕಬ್ಬಿಣದ ಕುರ್ಚಿ. ಆಚೆ ಸಾಲಿನಲ್ಲಿ ಒಬ್ಬ ಮುದುಕಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ಪಕ್ಕದಲ್ಲಿ ಅವಳ ಮಗ, ತಲೆ ಅರ್ಧ ನರೆತವನು, ಫಾರಂ ತುಂಬಿಸುತ್ತಿದ್ದ. ಎಲ್ಲ ಬೇಗ ಬೇಗ ಬರೆದವನು ಕೊನೆಯ ಪ್ರಶ್ನೆಗೆ ಬಂದು ನಿಂತುಬಿಟ್ಟ. ಪೆನ್ನು ಅಲುಗಲಿಲ್ಲ. ತಾಯಿಯ ಮುಖ ನೋಡಿದ, ಫಾರಂ ನೋಡಿದ.

ಮಾತ್ರೆಯಣ್ಣ ಕತ್ತು ಚಾಚಿ ನೋಡಿದರು. ಹಿಂದೆ ಆ ಪ್ರಶ್ನೆ ಇರಲಿಲ್ಲ. ಅವತ್ತು ಟೀಚರಮ್ಮ ಅಡಿಯಲ್ಲಿ ಕೆಂಪಿನಲ್ಲಿ ಗೀಚಿದ್ದ ಸಾಲು, ಈಗ ಅಚ್ಚಾಗಿ ಕೂತಿತ್ತು. 'ಜೊತೆಗೆ ಬಂದವರಿಗೆ: ರೋಗಿಗೆ ತಿಳಿಸದೆ, ಅಥವಾ ಪ್ರೀತಿಯಿಂದ, ನೀವು ಏನನ್ನಾದರೂ ಕೊಟ್ಟಿದ್ದೀರಾ?'

ಅವರು ಎದ್ದು ಹೋಗಿ ಆ ಮನುಷ್ಯನ ಪಕ್ಕದ ಕುರ್ಚಿಯಲ್ಲಿ ಕೂತರು. ಮುದುಕಿಗೆ ಎಚ್ಚರವಾಗದಂತೆ ದನಿ ತಗ್ಗಿಸಿದರು.

"ಬರೆದುಬಿಡಿ. ನಾನೂ ಕೊಟ್ಟಿದ್ದೆ."

ಅವನು ಬೆಚ್ಚಿ ನೋಡಿದ. "ಗೊತ್ತಾದರೆ ಅಮ್ಮ ನನ್ನ ಜೊತೆ ಮಾತಾಡಲ್ಲ."

"ಮಾತಾಡ್ತಾರೆ. ಒಂದು ಒಂಬತ್ತು ದಿನ ಪರಕೀಯರ ಹಾಗೆ ಮಾತಾಡ್ತಾರೆ. ಅದನ್ನು ತಡಕೋಬೇಕು."

"ಆಮೇಲೆ?"

ಆಚೆಯಿಂದ ಟೀಚರಮ್ಮ ಚೀಲ ಹೆಗಲಿಗೇರಿಸಿಕೊಂಡು ಕೂಗಿದರು. "ರೀ, ನಮ್ಮ ಸರದಿ ಬಂತು. ಅಲ್ಲೇನು ಹರಟೆ?"

"ಆಮೇಲೆ ಹೀಗೆ ಕರೀತಾರೆ," ಅಂದು ಮಾತ್ರೆಯಣ್ಣ ಎದ್ದರು. ಬಾಗಿಲ ಹತ್ತಿರ ತಿರುಗಿ ನೋಡಿದಾಗ ಆ ಮನುಷ್ಯ ತಲೆ ಬಗ್ಗಿಸಿಕೊಂಡು ಬರೆಯುತ್ತಿದ್ದ.